ರಾಕೆಟ್ ಮಂಡಳಿಯ ಗೌರವಾಧ್ಯಕ್ಷ

ನಮ್ಮ ಕಡೆ ಅಚ್ಚಾದ ಕಾಗದದ ತಲೆ ಬೋಳಾಗಿದ್ದರೆ ಜನರಿಗೆ ಸಮಾಧಾನವಿಲ್ಲ. ಹಿಟ್ಟಿನ ಗಿರಣಿಯ ಉದ್ಘಾಟನೆ ಇರಲಿ, ವಾಲಿಬಾಲ್ ಪಂದ್ಯ ಇರಲಿ, ಹೊಲಿಗೆ ತರಬೇತಿಯ ಸಮಾರೋಪ ಇರಲಿ, ಮೇಲೆ ಸಾನ್ನಿಧ್ಯ ವಹಿಸುವವರು, ಅವರ ಕೆಳಗೆ ಅಧ್ಯಕ್ಷರು, ಆಮೇಲೆ ಘನ ಉಪಸ್ಥಿತಿಯವರು, ಬಗಲಿಗೆ ಗೌರವಾಧ್ಯಕ್ಷರು. ಕಾರ್ಯಕ್ರಮ ಏನೆಂಬುದು ಕೆಳತುದಿಯಲ್ಲಿ ಎಲ್ಲೋ ಇರುತ್ತದೆ, ಕನ್ನಡಕ ಹಾಕಿಕೊಂಡು ಹುಡುಕಬೇಕು. ಮೇಲಿನ ಹೆಸರಿನವರನ್ನು ಯಾರೂ ಮೊದಲು ಕೇಳಿರುವುದಿಲ್ಲ. ಗೋಡೆಗೆ ಹಚ್ಚಿದ ಮೇಲೆಯೇ ಅವರಲ್ಲಿ ಅರ್ಧ ಜನಕ್ಕೆ ವಿಷಯ ತಿಳಿಯುತ್ತದೆ. ಬಂದರೆ ಸಂತೋಷ, ಬಾರದಿದ್ದರೆ ಯಾರಿಗೂ ಸಿಟ್ಟಿಲ್ಲ. ಹೆಸರು ಹಾಕಿದ್ದೇವೆ, ಮಾನ ಕೊಟ್ಟಿದ್ದೇವೆ, ಮುಗಿಯಿತು.

ಈ ಮಾನವೇ ನನ್ನ ಅಣ್ಣನನ್ನು ಅವನ ಕೆಲಸದಿಂದ ಎಬ್ಬಿಸಿ ಹಾಕಿತು. ಅದನ್ನು ಹೇಳಲು ಕುಳಿತಿದ್ದೇನೆ. ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಹೆಸರು ಹಾಕಿದರೆ ಏನಾಗುತ್ತದೆ ಎಂದು ನಾನು ನೋಡಿಯಾಗಿದೆ.

ನಾವು ರಾಮದುರ್ಗದವರು. ಅಪ್ಪ ಬಸ್ ಡಿಪೋದ ಟಾಯರ್ ವಿಭಾಗದಲ್ಲಿದ್ದ. ತೇಪೆ ಹಾಕುವುದು, ಗಾಳಿ ನೋಡುವುದು, ಯಾವ ಟಾಯರು ಇನ್ನೆಷ್ಟು ದಿನ ಓಡೀತು ಎಂದು ಮುಟ್ಟಿ ಹೇಳುವುದು ಅವನ ಕೆಲಸ. ಎಷ್ಟು ಸಲ ಸಾಬೂನು ಹಚ್ಚಿದರೂ ಅವನ ಮೈಯಿಂದ ರಬ್ಬರಿನ ವಾಸನೆ ಹೋಗುತ್ತಿರಲಿಲ್ಲ. ಗೋಡೆಯ ಮೇಲೆ ಬುದ್ಧನ ಪಟ ಇರುವ ಮನೆಗಳ ಓಣಿ ನಮ್ಮದು. ಬಟ್ಟೆ ತರಲು ಪೇಟೆಗೆ ಹೋದಾಗ ಅಪ್ಪ ದೊಡ್ಡ ಅಂಗಡಿಯ ಗಾದಿಯ ಮೇಲೆ ಕುಳಿತದ್ದನ್ನು ನಾನು ಕಂಡಿಲ್ಲ. ಮೆಟ್ಟಿಲ ಹತ್ತಿರ ನಿಂತು, ಅವರು ಬಿಚ್ಚಿ ತೋರಿಸಿದ್ದನ್ನು ನೋಡಿ ತರುತ್ತಿದ್ದ. ಕೂಡಬೇಡ ಎಂದು ಯಾರೂ ಅಂದಿರಲಿಲ್ಲ. ಕೂಡು ಎಂದೂ ಅಂದಿರಲಿಲ್ಲ.

ಅಣ್ಣ ಓದಿ ಎಂಜಿನಿಯರ್ ಆದ. ದಕ್ಷಿಣದಲ್ಲಿ ಸಮುದ್ರದ ದಂಡೆಯ ಒಂದು ಊರಿನಲ್ಲಿ, ಸರ್ಕಾರದ ರಾಕೆಟ್ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ. ರಾಕೆಟ್ಟಿನ ಮೋಟಾರು ಎಂದರೆ ಒಳಗೆ ಮದ್ದು ತುಂಬಿದ ಒಂದು ದೊಡ್ಡ ಕೊಳವೆ. ಮದ್ದು ಉರಿಯುವಾಗ ಆ ಶಾಖಕ್ಕೆ ಕೊಳವೆಯೇ ಸುಟ್ಟು ತೂತು ಬೀಳಬಹುದು. ಹಾಗಾಗದಂತೆ ಒಳಗೋಡೆಗೆ ರಬ್ಬರಿನ ಪದರ ಅಂಟಿಸುತ್ತಾರೆ. ಅಣ್ಣನ ಕೆಲಸ ಆ ಪದರದ್ದು. ಇಷ್ಟನ್ನು ಅವನು ಹೇಳಿದ್ದ, ಇದಕ್ಕಿಂತ ಹೆಚ್ಚಿಗೆ ಮನೆಯಲ್ಲಿ ಹೇಳುವಂತಿರಲಿಲ್ಲ. "ಅಪ್ಪಂದೂ ರಬ್ಬರ್, ನಂದೂ ರಬ್ಬರ್. ಇಷ್ಟ್ ಓದಿ ಎಲ್ಲಿಗೆ ಹೋದೆ ಹೇಳು ತಂಗಿ?" ಎಂದು ನಗುತ್ತಿದ್ದ. ಒಂದು ಹೊಸ ಮೋಟಾರಿಗೆ ಅವನು ಹತ್ತಾರು ವರ್ಷಗಳಿಂದ ಪದರ ತಯಾರಿಸುತ್ತಿದ್ದ. ಒಂದು ದಿನ ಆ ಮೋಟಾರನ್ನು ನೆಲಕ್ಕೆ ಬಿಗಿದು ಹೊತ್ತಿಸಿ ಪರೀಕ್ಷೆ ಮಾಡುತ್ತಾರೆ. ಪದರ ನಿಲ್ಲುತ್ತದೋ ಸುಡುತ್ತದೋ ಎಂದು ಅಂದು ಎದುರಿಗೆ ನಿಂತು ನೋಡಬೇಕು. ಮನೆ ಕಟ್ಟಬೇಕು, ಕಾರು ಕೊಳ್ಳಬೇಕು ಎಂದು ಅವನ ಬಾಯಲ್ಲಿ ಬಂದದ್ದು ನಾನು ಕೇಳಿಲ್ಲ. ಅವನಿಗೆ ಇದ್ದದ್ದು ಆ ಒಂದು ದಿನದ ಆಸೆ.

ನಾನು ಬೈಲಹೊಂಗಲದಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ತೊಂಬತ್ತರ ದಶಕದ ನಡುವೆ ಅಲ್ಲಿ ಒಂದು ಹವ್ಯಾಸಿ ರಾಕೆಟ್ ಮಂಡಳಿ ಶುರುವಾಯಿತು. ಶುರು ಮಾಡಿದವರು ಇಬ್ಬರು. ಒಬ್ಬರು ನಿವೃತ್ತ ಹೆಡ್‌ಮಾಸ್ತರರು. ಊರೆಲ್ಲ ಅವರಿಗೆ ಸರ್ ಎನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತೇನೆ. ಇನ್ನೊಬ್ಬರು ಬಟ್ಟೆ ಅಂಗಡಿಯ ಸಾಹುಕಾರರು. ಬಟ್ಟೆಯ ಥಾನು ಸುತ್ತಿ ಬರುವ ದಪ್ಪ ರಟ್ಟಿನ ಕೊಳವೆಗಳು ಅವರ ಅಂಗಡಿಯ ಹಿಂದೆ ರಾಶಿ ಬಿದ್ದಿರುತ್ತಿದ್ದವು. ರಾಕೆಟ್ಟಿನ ಮೈ ಅದೇ. ಮದ್ದನ್ನು ಪರವಾನಗಿ ಇದ್ದ ಪಟಾಕಿಯವನೊಬ್ಬ ತುಂಬಿ ಕೊಡುತ್ತಿದ್ದ. ವಿಜ್ಞಾನದ ಟೀಚರ್ ಎಂದು ನನ್ನನ್ನೂ ಸೇರಿಸಿಕೊಂಡರು. ಅಣ್ಣನ ತಂಗಿ ಎಂದು ಸೇರಿಸಿಕೊಂಡರು ಎನ್ನುವುದೇ ಸರಿ.

ಮೊದಮೊದಲು ಊರ ಹೊರಗೆ ಹಾರಿಸುತ್ತಿದ್ದೆವು. ಒಮ್ಮೆ ಒಬ್ಬರ ಕಣಕಿಯ ಬಣವೆಯ ಪಕ್ಕಕ್ಕೇ ಒಂದು ಬಿದ್ದು, ಅವರು ಬಡಿಗೆ ಹಿಡಿದು ಬಂದರು. ಆಮೇಲೆ ಉಗರಗೋಳದ ಹತ್ತಿರ ಸಾಹುಕಾರರಿಗೆ ಸೇರಿದ ಕಲ್ಲುನೆಲಕ್ಕೆ ಹೋದೆವು. ಎದುರಿಗೇ ಎಲ್ಲಮ್ಮನ ಗುಡ್ಡ. ಆ ಗುಡ್ಡವೇ ಎಲ್ಲ ಜಗಳಕ್ಕೂ ಮೂಲ. ರಾಕೆಟ್ ಗುಡ್ಡದ ತಲೆ ದಾಟಿತು ಎಂದು ಸಾಹುಕಾರರು, ಅರ್ಧಕ್ಕೂ ಹೋಗಲಿಲ್ಲ ಎಂದು ಸರ್. ಸರ್ ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ನಟ್ಟು ಕಟ್ಟಿ, ಒಂದು ಕಣ್ಣು ಮುಚ್ಚಿ ಎತ್ತರ ಅಳೆಯುತ್ತಿದ್ದರು. ಅವರು ಕಣ್ಣು ಮುಚ್ಚಿ ತೆರೆಯುವುದರಲ್ಲಿ ರಾಕೆಟ್ ಕೆಳಗೆ ಬಿದ್ದಿರುತ್ತಿತ್ತು. ಬೈಲಹೊಂಗಲ ಮುಟ್ಟುವವರೆಗೂ ಜೀಪಿನಲ್ಲಿ ಅದೇ ವಾದ ನಡೆಯುತ್ತಿತ್ತು. ನಾನು ನಕ್ಕೂ ನಕ್ಕೂ ಸುಸ್ತಾಗುತ್ತಿದ್ದೆ. ಆ ದಿನಗಳು ಚೆನ್ನಾಗಿದ್ದವು ಎಂದು ಒಪ್ಪಿಕೊಳ್ಳದೆ ಇರಲಾರೆ.

ಒಂದು ಸಲ ಅಣ್ಣ ರಜೆಗೆ ಬಂದಾಗ ಅವರು ಅವನನ್ನು ಬೈಲಹೊಂಗಲಕ್ಕೆ ಕರೆಸಿ ಸತ್ಕಾರ ಮಾಡಿದರು. ಅಂಗಡಿಯ ಗಾದಿಯ ಮೇಲೆ, ಲೋಡಿಗೆ ಒರಗಿಸಿ ಕೂಡಿಸಿದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಸರ್ ಅರ್ಧ ತಾಸು ಮಾತಾಡಿದರು. ರಾಕೆಟ್ ಹೇಗೆ ಮಾಡಬೇಕೆಂದು ಯಾರೂ ಅವನನ್ನು ಒಂದು ಮಾತು ಕೇಳಲಿಲ್ಲ, ಅವನೂ ಹೇಳಲಿಲ್ಲ. ಶಾಲು ಹೊದ್ದು ಕುಳಿತ ಅಣ್ಣ ಅಂಗಡಿಯ ಮೆಟ್ಟಿಲ ಕಡೆಗೇ ನೋಡುತ್ತಿದ್ದ. ಏನು ನೋಡುತ್ತಿದ್ದ ಎಂದು ನನಗೆ ಗೊತ್ತಿತ್ತು.

ಕೆಲವು ತಿಂಗಳ ಮೇಲೆ ಸಾಹುಕಾರರು ಕಿತ್ತೂರಿನ ಒಂದು ಪ್ರೆಸ್ಸಿನಲ್ಲಿ ಮಂಡಳಿಗೆ ಲೆಟರ್‌ಹೆಡ್ ಮಾಡಿಸಿ ತಂದರು. ದಪ್ಪ ಹಾಳೆ, ಮೂಲೆಯಲ್ಲಿ ಹೊಗೆ ಬಿಡುವ ರಾಕೆಟ್. ಎಲ್ಲಕ್ಕಿಂತ ಮೇಲೆ, ಮಂಡಳಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ, ಗೌರವಾಧ್ಯಕ್ಷರು ಎಂದು ಅಣ್ಣನ ಹೆಸರು. ಅದರ ಕೆಳಗೆ ಅವನ ಪದವಿ, ಹುದ್ದೆ, ಸಂಸ್ಥೆಯ ಹೆಸರು, ಸಂಸ್ಥೆಯ ಪೂರ್ತಿ ವಿಳಾಸ. ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ. ಬೈಲಹೊಂಗಲದ ವಿಳಾಸ ಪಾಪ ಕೆಳಗಿನ ಗೆರೆಯಡಿಯಲ್ಲಿ ಇರುವೆ ಸಾಲಿನಂತೆ ಇತ್ತು.

"ಅಣ್ಣನ್ನ ಕೇಳಿದ್ರೇನ್ರಿ?" ಎಂದೆ.

ಸಾಹುಕಾರರು ನನ್ನನ್ನು ವಿಚಿತ್ರವಾಗಿ ನೋಡಿದರು. "ಏನ್ರಿ ಅಕ್ಕಾರ, ಮಾನಾ ಕೊಡಾಕೂ ಕೇಳ್ತಾರೇನ್ರಿ ಯಾರರ? ಕೇಳಿ ಕೊಟ್ರ ಅದಕ್ಕೇನ್ ಬೆಲಿ ಐತ್ರಿ?"

"ಸರ್ಕಾರಿ ನೌಕರಿ ಅದ ಅವಂದು. ಹಿಂಗೆಲ್ಲಾ ಹೆಸರ ಹಾಕಬಾರ್ದು ಅಂತ ರೂಲ್ ಇರತಾವ್ರಿ."

"ರೂಲು ಲಂಚಾ ತಿನ್ನಾವ್ರಿಗೆ ಇರತಾವ. ನಿಮ್ಮ ಅಣ್ಣಾರು ಬಂಗಾರದಂಥವ್ರು," ಎಂದರು ಸರ್. ವಾದ ಅಲ್ಲಿಗೆ ಮುಗಿಯಿತು.

ಅಣ್ಣನಿಗೆ ಫೋನು ಮಾಡಿ ಸಿಟ್ಟಿನಿಂದಲೇ ಹೇಳಿದೆ. ಅವನು, "ಮ್ಯಾಲೆ ಹಾಕ್ಯಾರೇನು?" ಎಂದು ಕೇಳಿದ. "ಎಲ್ಲಾರಕಿಂತ ಮ್ಯಾಲೆ," ಎಂದೆ. "ಇರ್ಲಿ ಬಿಡ ತಂಗಿ. ಅಪ್ಪನ ಹೆಸರು ಡಿಪೋದ ಹಾಜರಿ ಮಸ್ಟರ್ ಬಿಟ್ರ ಮತ್ತೊಂದ್ ಕಾಗದದಾಗ ಬರಲಿಲ್ಲ. ಮುಂದಿನ ಸಲ ಬಂದಾಗ ನನಗೊಂದ್ ಹಾಳಿ ಕೊಡು," ಎಂದ. ಅವನ ದನಿಯಲ್ಲಿ ಖುಷಿ ಇತ್ತು. ಅದನ್ನು ಕೇಳಿದ ಮೇಲೆ ತೆಗೆಸು ಎನ್ನಲು ನನಗೆ ಬಾಯಿ ಬರಲಿಲ್ಲ.

ಎತ್ತರದ ಜಗಳ ಮುಗಿಸಲು ಸರ್ ಒಂದು ದಾರಿ ಕಂಡುಹಿಡಿದರು. ಸಾಹುಕಾರರ ಬೀಗರ ಕಡೆಯ ಡಾಕ್ಟರೊಬ್ಬರು ಅಮೆರಿಕದಿಂದ ಒಂದು ಕ್ಯಾಟಲಾಗ್ ತಂದಿದ್ದರು. ಹವ್ಯಾಸಕ್ಕೆ ರಾಕೆಟ್ ಹಾರಿಸುವವರಿಗೆ ಸಾಮಾನು ಮಾರುವ ಅಂಗಡಿಯದು. ಅದರಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಎಲೆಕ್ಟ್ರಾನಿಕ್ ಹಲಗೆ ಇತ್ತು. ಅದು ಗಾಳಿಯ ಒತ್ತಡ ನೋಡಿ ತಾನೆಷ್ಟು ಮೇಲೆ ಹೋದೆ ಎಂದು ನೆನಪಿಟ್ಟುಕೊಳ್ಳುತ್ತದೆ, ಕೆಳಗೆ ಬಿದ್ದ ಮೇಲೆ ಬೀಪ್ ಬೀಪ್ ಎಂದು ಕೂಗಿ ಹೇಳುತ್ತದೆ. ಅದು ಬಂದರೆ ಸರ್ ಮತ್ತು ಸಾಹುಕಾರರಲ್ಲಿ ಯಾರು ಸುಳ್ಳ ಎಂದು ತೀರ್ಮಾನವಾಗುತ್ತಿತ್ತು. ಅದರಿಂದ ಯಾರಿಗೂ ಬೇರೆ ಉಪಯೋಗವಿರಲಿಲ್ಲ.

ಅದೇ ವರ್ಷ ಬೇಸಿಗೆಯಲ್ಲಿ ದೇಶ ಪೋಖ್ರಾನಿನಲ್ಲಿ ಅಣು ಬಾಂಬಿನ ಪರೀಕ್ಷೆ ಮಾಡಿತು. ಬೈಲಹೊಂಗಲದ ಬಜಾರಿನಲ್ಲಿ ಪಟಾಕಿ ಹಾರಿದವು. ಸಾಹುಕಾರರು ಅಂಗಡಿಗೆ ಬಂದವರಿಗೆಲ್ಲ ಪೇಢೆ ಕೊಟ್ಟರು. ಆ ಪೇಢೆ ನಾನೂ ತಿಂದೆ. ಅಮೆರಿಕ ಸಿಟ್ಟಾಗಿದೆ, ನಿರ್ಬಂಧ ಹಾಕಿದೆ ಎಂದು ಪೇಪರಿನಲ್ಲಿ ಬಂದಾಗ ಸರ್, "ಹಾಕ್ಲಿ ಬಿಡ್ರಿ, ಅವ್ರ ಗೋದಿ ನಮಗ ಬ್ಯಾಡ," ಎಂದರು. ಗೋದಿಗೂ ನಮ್ಮ ಹಲಗೆಗೂ ಸಂಬಂಧ ಇದೆ ಎಂದು ಯಾರಿಗೆ ಹೊಳೆಯಬೇಕು? ಆ ಮಳೆಗಾಲ ನಾನು ಹೆರಿಗೆಗೆ ರಜೆ ಹಾಕಿ ರಾಮದುರ್ಗದಲ್ಲಿದ್ದೆ. ಇತ್ತ ಸರ್ ಆ ದಪ್ಪ ಹಾಳೆಯ ಮೇಲೆ ಹಲಗೆಗೆ ಆರ್ಡರು ಬರೆದು ಹಾಕಿದರು. ಒಂದು ಹಲಗೆ ಕಳಿಸಿರಿ ಎಂದು ಒಂದು ಸಾಲು ಬರೆದರೆ ಸಾಕಿತ್ತು. ಸರ್ ಎರಡು ಪುಟ ಬರೆದರು. ನಮ್ಮ ಗೌರವಾಧ್ಯಕ್ಷರ ಸಮರ್ಥ ಮಾರ್ಗದರ್ಶನದಲ್ಲಿ ನಾವು ರಾಕೆಟ್ ನಿರ್ಮಾಣ ಮಾಡುತ್ತಿದ್ದೇವೆ ಎಂದು ಶುರು ಮಾಡಿದ್ದರು. ಸಮಾರಂಭದ ಸ್ವಾಗತ ಭಾಷಣದಲ್ಲಿ ಹೇಳುವ ಮಾತು ಅದು. ನಮ್ಮೂರಲ್ಲಿ ಅದನ್ನು ಯಾರೂ ನಿಜ ಎಂದುಕೊಳ್ಳುವುದಿಲ್ಲ.

ಅಮೆರಿಕದವರು ನಿಜ ಎಂದುಕೊಂಡರು. ಅವರ ಕಾಯಿದೆ ಏನೆಂದು ನಾನು ಆಮೇಲೆ ತಿಳಿದುಕೊಂಡೆ. ಆ ಹಲಗೆಯ ಮೇಲೆ ಯಾವ ನಿರ್ಬಂಧವೂ ಇರಲಿಲ್ಲ, ಅಲ್ಲಿ ಶಾಲೆಯ ಮಕ್ಕಳೂ ಕೊಳ್ಳುತ್ತಾರಂತೆ. ಸಾಹುಕಾರರು ಬರಿ ತಮ್ಮ ಹೆಸರಿನಲ್ಲಿ ತರಿಸಿಕೊಂಡಿದ್ದರೆ ಬಹುಶಃ ಬಂದೇ ಬಿಡುತ್ತಿತ್ತು. ನಿರ್ಬಂಧ ವಸ್ತುವಿಗಲ್ಲ, ಅದು ಹೋಗಿ ಸೇರುವ ಕೈಗೆ. ಅಣು ಪರೀಕ್ಷೆಯಾದ ಮೇಲೆ ಅವರ ಸರ್ಕಾರ ನಮ್ಮ ದೇಶದ ಅನೇಕ ಸಂಸ್ಥೆಗಳ ಪಟ್ಟಿ ಹೊರಡಿಸಿತ್ತು. ಆ ಪಟ್ಟಿಯಲ್ಲಿದ್ದವರಿಗೆ ಒಂದು ಸ್ಕ್ರೂ ಕಳಿಸಬೇಕಾದರೂ ಅಪ್ಪಣೆ ಬೇಕು, ಅಪ್ಪಣೆ ಸಿಗುವುದಿಲ್ಲ. ಅಣ್ಣನ ಸಂಸ್ಥೆ ಆ ಪಟ್ಟಿಯಲ್ಲಿತ್ತು. ಲೆಟರ್‌ಹೆಡ್ಡಿನ ನೆತ್ತಿಯಲ್ಲಿ ಆ ಸಂಸ್ಥೆಯ ಹೆಸರು, ಕೆಳಗೆ ರಾಕೆಟ್ ನಿರ್ಮಾಣ ಎಂಬ ಮಾತು. ಪಟ್ಟಿಯಲ್ಲಿರುವ ಸಂಸ್ಥೆ ಒಂದು ಬಟ್ಟೆ ಅಂಗಡಿಯನ್ನು ಮುಂದೆ ಮಾಡಿ ಕಳ್ಳದಾರಿಯಲ್ಲಿ ಸಾಮಾನು ತರಿಸುತ್ತಿದೆ ಎಂದು ಓದಿದವರಿಗೆ ಅನ್ನಿಸಿದರೆ ಅವರದೇನು ತಪ್ಪು? ಅಂಗಡಿಯವರು ಮರ್ಯಾದೆಯಿಂದಲೇ ಉತ್ತರ ಬರೆದರು. ಕಳಿಸಲಾಗುವುದಿಲ್ಲ, ನಿಮ್ಮ ಕೋರಿಕೆಯ ವಿಷಯವನ್ನು ನಮ್ಮ ಸರ್ಕಾರಕ್ಕೆ ತಿಳಿಸಬೇಕಾಗಿದೆ ಎಂದು ಬರೆದರು. ಆ ಉತ್ತರವನ್ನು ಅವರು ಹಾಳೆಯ ಮೇಲೆ ದೊಡ್ಡದಾಗಿ ಕಾಣುವ ವಿಳಾಸಕ್ಕೆ ಹಾಕಿದರು. ಅದು ಅಣ್ಣನ ಆಫೀಸಿನ ವಿಳಾಸ.

ಆ ಆಫೀಸಿನಲ್ಲಿ ಹೊರದೇಶದ ಟಪಾಲನ್ನು ಭದ್ರತೆಯವರು ಮೊದಲು ಒಡೆಯುತ್ತಾರೆ.

ಅಣ್ಣನನ್ನು ಕರೆದು ಕೂಡಿಸಿ ಕೇಳಿದರು. ಈ ಮಂಡಳಿ ಯಾವುದು, ಅದಕ್ಕೆ ನೀನೇನು ಮಾರ್ಗದರ್ಶನ ಮಾಡಿದ್ದೀಯ, ಅಪ್ಪಣೆಯಿಲ್ಲದೆ ಹುದ್ದೆ ಹೇಗೆ ಒಪ್ಪಿದೆ, ಇಲ್ಲಿನ ಯಾವ ವಿಷಯ ಅಲ್ಲಿಗೆ ಹೋಗಿದೆ. ಅವನು ಏನೂ ಗೊತ್ತಿಲ್ಲ ಎಂದ. ಹಾಗಾದರೆ ಹೆಸರು ಹೇಗೆ ಬಂತು ಎಂದರು. ನಮ್ಮ ಕಡೆ ಹಾಗೆ ಹಾಕುತ್ತಾರೆ ಎಂದ. ಬೇರೆ ಬೇರೆ ರಾಜ್ಯದ ಮೂವರು ಅಧಿಕಾರಿಗಳು ಅವನ ಮುಖ ನೋಡಿದರಂತೆ. ವಿಚಾರಣೆ ಮುಗಿಯುವವರೆಗೆ ಅವನನ್ನು ಸಾಮಾನಿನ ಉಗ್ರಾಣಕ್ಕೆ ಹಾಕಿದರು. ಮರುದಿನ ತನ್ನ ಕಟ್ಟಡದ ಬಾಗಿಲಲ್ಲಿ ಪಾಸು ತೋರಿಸಿದಾಗ, ದಿನವೂ ನಮಸ್ಕಾರ ಹೇಳುತ್ತಿದ್ದ ಕಾವಲಿನವನೇ ಕೈ ಅಡ್ಡ ಹಿಡಿದ.

ಅವನು ರಜೆ ಹಾಕಿ ರಾಮದುರ್ಗಕ್ಕೆ ಬಂದ. ಬಾಣಂತಿಯಾಗಿದ್ದ ನನ್ನ ಹಾಸಿಗೆಯ ಪಕ್ಕದಲ್ಲಿ ಕುಳಿತು ಇದನ್ನೆಲ್ಲ ಹೇಳಿದ. ಮುಖ ಇಳಿದಿತ್ತು, ಗಡ್ಡ ಬಿಟ್ಟಿದ್ದ. "ವಿಚಾರಣಿ ಮಾಡಾವ್ರು ಕೆಟ್ಟವ್ರಲ್ಲ ತಂಗಿ. ಮಂಡಳಿಯವ್ರು ಎರಡ್ ಸಾಲು ಬರಕೊಟ್ರ ಸಾಕು ಅಂದಾರ. ಇವರ್ನ ಕೇಳದ ಹೆಸರ ಹಾಕೇವಿ, ಇವರಿಗೂ ನಮಗೂ ಏನೂ ಸಂಬಂಧಿಲ್ಲ ಅಂತ. ಅಷ್ಟ ಬಂದ್ರ ವಾಪಸ್ ತೊಗೋತಾರ. ಟೆಸ್ಟಿಂಗ್ ಮುಂದಿನ ಬ್ಯಾಸಗಿಗೆ ಐತಿ."

"ನಾ ಬರಸ್ಕೊಂಡ ಬರತೇನಿ," ಎಂದೆ.

ಹಸುಗೂಸನ್ನು ಅವ್ವನ ಕೈಯಲ್ಲಿ ಬಿಟ್ಟು, ಹೊಟ್ಟೆಗೆ ಪಟ್ಟಿ ಬಿಗಿದುಕೊಂಡು, ಸವದತ್ತಿಯಲ್ಲಿ ಬಸ್ ಬದಲಿಸಿ ಬೈಲಹೊಂಗಲಕ್ಕೆ ಹೋದೆ. ಸರ್ ಮತ್ತು ಸಾಹುಕಾರರು ಅಂಗಡಿಯಲ್ಲೇ ಸಿಕ್ಕರು. ನಡೆದದ್ದನ್ನು ಹೇಳಿದೆ. ಸಾಹುಕಾರರ ಕಣ್ಣಲ್ಲಿ ನೀರು ಬಂತು. ಖರೆ ಕಣ್ಣೀರು ಅದು, ನಾನು ಅನುಮಾನಿಸುವುದಿಲ್ಲ. ಆದರೆ ಏನು ಬರೆಯಬೇಕೆಂದು ನಾನು ಹೇಳಿದ ಕೂಡಲೇ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಸಂಬಂಧಿಲ್ಲ ಅಂತ ಹೆಂಗ ಬರೀಬೇಕ್ರಿ ಅಕ್ಕಾರ?" ಎಂದರು ಸರ್. "ಗಾದಿ ಮ್ಯಾಲೆ ಕುಂದರಿಸಿ ಶಾಲು ಹೊದಿಸೇವಿ. ಈಗ ಇಂವ ಯಾರೋ ನಮಗ ಗೊತ್ತಿಲ್ಲ ಅಂತ ಬರದ್ರ, ಅವ್ರ ಆಫೀಸಿನಾಗ ಅವ್ರ ಮಾನಾ ಉಳೀತೈತೇನ್ರಿ?"

"ಅವ್ರಿಗೆ ಅದ ಬೇಕಾಗೇತ್ರಿ ಸರ್. ಹಂಗ ಬರದ್ರನ ಅಂವ ಉಳೀತಾನ."

"ನಿಮಗ ತಿಳ್ಯಾಂಗಿಲ್ರಿ. ನೀವು ಬಾಣಂತಿ ಅದೀರಿ, ಮೈಗೆ ಗಾಳಿ ಹೊಕ್ಕೀತು, ಮನಿಗೆ ಹೋಗ್ರಿ," ಎಂದರು ಸಾಹುಕಾರರು. "ನಾವು ಛಲೋ ಮಾಡಿ ಬರದ ಕಳಸ್ತೇವಿ. ಚಿಂತಿ ಬ್ಯಾಡ."

ಎರಡೇ ಸಾಲು ಸಾಕು, ಬರಿ ಹಾಳೆಯ ಮೇಲೆ ಬರೆಯಿರಿ ಎಂದು ಮತ್ತೆ ಮತ್ತೆ ಹೇಳಿದೆ. ಆಯಿತು ಆಯಿತು ಎಂದರು. ನನಗಾಗಿ ರಿಕ್ಷಾ ತರಿಸಿದರು, ಕೂಸಿಗೆ ಎಂದು ಮೆತ್ತಗಿನ ಬಟ್ಟೆಯ ಗಂಟು ಕೊಟ್ಟರು.

ಅವರು ಬರೆದದ್ದು ಏನೆಂದು ರಜೆ ಮುಗಿಸಿ ಹೋದಾಗ ನೋಡಿದೆ. ಸಾಹುಕಾರರೇ ಹೆಮ್ಮೆಯಿಂದ ಪ್ರತಿ ತೆಗೆದು ತೋರಿಸಿದರು. ಅದೇ ದಪ್ಪ ಹಾಳೆ, ನೆತ್ತಿಯ ಮೇಲೆ ಅದೇ ಹೆಸರು. ನಮ್ಮ ಗೌರವಾಧ್ಯಕ್ಷರು ಮಂಡಳಿಯ ಹುಟ್ಟಿನಿಂದಲೂ ನಮಗೆ ಹಗಲಿರುಳು ಮಾರ್ಗದರ್ಶನ ಮಾಡಿದ್ದಾರೆ, ಅವರಿಲ್ಲದೆ ನಮ್ಮ ಒಂದು ರಾಕೆಟ್ಟೂ ಮೇಲೆ ಹೋಗುತ್ತಿರಲಿಲ್ಲ, ಇಂಥ ನಿಷ್ಕಳಂಕ ವ್ಯಕ್ತಿಗೆ ತೊಂದರೆ ಕೊಡಬಾರದು. ಕೆಳಗೆ ಊರಿನ ಹಿರಿಯರು, ಸೊಸೈಟಿಯ ಅಧ್ಯಕ್ಷರು, ಸಂಘದವರು, ನಿವೃತ್ತ ಮಾಸ್ತರರು, ಸಿಕ್ಕವರೆಲ್ಲರ ಸಹಿ ಮತ್ತು ಮೊಹರು. ಮೊಹರುಗಳ ಮೇಲೆ ಮೊಹರು ಬಿದ್ದು ಹಾಳೆ ನೀಲಿಯಾಗಿತ್ತು. ಪಾಪ, ಸಹಿಗಾಗಿ ಇಬ್ಬರೂ ಬಿಸಿಲಲ್ಲಿ ಊರೆಲ್ಲ ತಿರುಗಿದ್ದರಂತೆ.

ನಾನು ಅಂಗಡಿಯಲ್ಲಿ ನಿಂತು ಕೂಗಾಡಿದೆ. ಏನೇನು ಅಂದೆನೋ ನೆನಪಿಲ್ಲ. ಗಿರಾಕಿಗಳು ಎದ್ದು ಹೋದರು. ಸರ್ ಬೆಪ್ಪಾಗಿ ನಿಂತಿದ್ದರು. "ಇಷ್ಟ್ ಮಂದಿ ಹೊಗಳಿ ಬರದಾರ, ಅದರಾಗ ತಪ್ಪೇನೈತ್ರಿ?" ಎಂದು ನಿಜವಾಗಿ ತಿಳಿಯದೆ ಕೇಳಿದರು. ಹೊಗಳುವುದು ಬಿಟ್ಟರೆ ಒಬ್ಬ ಮನುಷ್ಯನನ್ನು ಉಳಿಸಲು ಬೇರೆ ದಾರಿ ಇದೆ ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಮಾನ ಕೊಡದೆ ಮೆಟ್ಟಿಲ ಬಳಿ ನಿಲ್ಲಿಸಿದ್ದೂ ಇದೇ ಜನ, ಮಾನ ಕೊಟ್ಟು ಕುತ್ತಿಗೆಗೆ ತಂದದ್ದೂ ಇದೇ ಜನ. ಎರಡನ್ನೂ ಮಾಡುವಾಗ ನಮ್ಮನ್ನು ಕೇಳಲಿಲ್ಲ. ಈ ಸಿಟ್ಟು ನನಗೆ ಇನ್ನೂ ಹೋಗಿಲ್ಲ, ಹೋಗಲಿ ಎಂದೂ ನಾನು ಬಯಸುವುದಿಲ್ಲ.

ಊರಿನ ಹಿರಿಯರೆಲ್ಲ ಸೇರಿ ಸಾಕ್ಷಿ ಹೇಳಿದ ಮೇಲೆ ವಿಚಾರಣೆಗೆ ಉಳಿದದ್ದೇನು? ಅಣ್ಣ ಸುಳ್ಳು ಹೇಳಿದ ಎಂದಾಯಿತು. ನಾನು ಬೇರೆ ಪತ್ರ ಬರೆದೆ, ತಂಗಿಯ ಮಾತು ಎಂದು ಬದಿಗಿಟ್ಟರು. ನೌಕರಿ ಹೋಗಲಿಲ್ಲ. ರಾಕೆಟ್ಟಿಗೆ ಸಂಬಂಧಿಸಿದ ಯಾವ ಹೊರಗಿನ ಕೆಲಸಕ್ಕೂ ಇನ್ನು ಮುಂದೆ ಒಂದು ಮಾತಿನ ಸಹಾಯವನ್ನೂ ಮಾಡುವುದಿಲ್ಲ ಎಂದು ಬರೆಸಿಕೊಂಡು, ಕಾಯಮ್ಮಾಗಿ ಉಗ್ರಾಣದಲ್ಲೇ ಇಟ್ಟರು. ಕುರ್ಚಿ, ಫ್ಯಾನು, ಕಾಗದದ ರೀಮು, ಕೈತೊಳೆಯುವ ಸಾಬೂನು ಹಂಚುವ ಕೆಲಸ.

ಮುಂದಿನ ಬೇಸಿಗೆಯಲ್ಲಿ ಮೋಟಾರಿನ ಪರೀಕ್ಷೆ ನಡೆಯಿತು. ಅಂದು ಬೆಳಿಗ್ಗೆ ಅವನು ಯಾವುದೋ ವಿಭಾಗಕ್ಕೆ ಪೊರಕೆ ಎಣಿಸಿ ಕೊಡುತ್ತಿದ್ದ. ದೂರದಿಂದ ಸದ್ದು ಬಂತು. ಉಗ್ರಾಣದ ಛಾವಣಿಯ ತಗಡುಗಳು ಅದುರಿದವು. ಸದ್ದು ಎಷ್ಟು ಹೊತ್ತು ಇರಬೇಕೆಂದು ಅವನಿಗೆ ಗೊತ್ತಿತ್ತು. ಅಷ್ಟೂ ಹೊತ್ತು ಪೊರಕೆಯ ಕಟ್ಟು ಹಿಡಿದು ನಿಂತಿದ್ದನಂತೆ. "ತಗಡು ಪೂರ್ತಿ ಹೊತ್ತು ಅದುರಿದ್ವು ತಂಗಿ. ನಡುವ ಎಲ್ಲೂ ನಿಲ್ಲಲಿಲ್ಲ. ಅಂದ್ರ ಪದರ ನಿಂತದ," ಎಂದ. ಬೇರೆ ಯಾರೂ ಬಂದು ಅವನಿಗೆ ಹೇಳಲಿಲ್ಲ. ಆ ವರ್ಷದಿಂದ ಅವನಿಗೆ ರಕ್ತದೊತ್ತಡ ಶುರುವಾಯಿತು, ನಗು ಕಡಿಮೆಯಾಯಿತು. ಅವನ ಹೆಂಡತಿ, ನಮ್ಮ ವೈನಿ, ಫೋನಿನಲ್ಲಿ, "ಮಾತಾಡಸ್ರಿ, ನನ್ನ ಕೂಡ ಮಾತ ಆಡೂದಿಲ್ಲ," ಎಂದು ಅಳುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅಮೆರಿಕ ನಿರ್ಬಂಧ ಸಡಿಲಿಸಿತು, ಪಟ್ಟಿ ಚಿಕ್ಕದಾಯಿತು. ಸರ್ ಮತ್ತೆ ಬರೆದಿದ್ದರು. ಈ ಸಲ ಯಾರು ಬುದ್ಧಿ ಹೇಳಿದ್ದರೋ, ಯಾರ ಹೆಸರೂ ಅಚ್ಚಾಗಿರದ, ಪೋಸ್ಟ್ ಕಾರ್ಡಿನಷ್ಟು ಚಿಕ್ಕ ಕಾಗದದಲ್ಲಿ ಬರೆದಿದ್ದರು. ಹಲಗೆ ಬಂತು. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಇದಕ್ಕಾಗಿಯೇ ಅಣ್ಣ ಉಗ್ರಾಣ ಸೇರಿದ್ದು ಎಂದುಕೊಂಡು ಅದನ್ನು ಸಾಹುಕಾರರ ಕೈಗೇ ತಿರುಗಿ ಕೊಟ್ಟೆ.

ಅಣ್ಣ ಆಗ ರಜೆಯ ಮೇಲೆ ಬಂದಿದ್ದ. ಅವರು ರಾಮದುರ್ಗಕ್ಕೇ ಬಂದು, ನೀವು ಬಂದರೆ ಮಾತ್ರ ಹಾರಿಸುತ್ತೇವೆ ಎಂದು ಕೈ ಮುಗಿದರು. ಸರ್‌ಗೆ ಅಷ್ಟರಲ್ಲಿ ಕಣ್ಣು ಮಂಜಾಗಿತ್ತು. ಹೋಗಬೇಡ ಎಂದು ನಾನು ಹಟ ಮಾಡಿದೆ. "ವಯಸ್ಸಾದವ್ರು ಅದಾರ, ಹೋಗಿ ನಿಂತ ಬರೋಣ," ಎಂದ.

ಉಗರಗೋಳದ ಅದೇ ಕಲ್ಲುನೆಲ. ಅವನಿಗೆ ಮತ್ತೆ ಶಾಲು ಹೊದಿಸಿದರು. ಅವನು ಹೊದಿಸಿಕೊಂಡ. ಹಲಗೆಗಾಗಿ ಈ ಸಲ ದೊಡ್ಡ ರಾಕೆಟ್ ಮಾಡಿದ್ದರು, ಮದ್ದು ಹೆಚ್ಚು ಹಿಡಿಯುವ ಉದ್ದನೆಯ ಕೊಳವೆ. ಹಿಂದಿನ ವಾರ ಪ್ರಯೋಗಕ್ಕೆ ಉರಿಸಿದ ಅದೇ ಬಗೆಯ ಖಾಲಿ ಕೊಳವೆ ಒಂದು ಅಲ್ಲಿ ಬಿದ್ದಿತ್ತು. ಅಣ್ಣ ಅದನ್ನು ಎತ್ತಿಕೊಂಡ. ಬಿಸಿಲಿಗೆ ಹಿಡಿದು ಒಳಗೆ ನೋಡಿದ, ಬೆರಳು ಹಾಕಿ ಒಳಗೋಡೆಯನ್ನು ಸುತ್ತಲೂ ಸವರಿದ. ಅಪ್ಪ ಟಾಯರು ಮುಟ್ಟಿ ನೋಡುತ್ತಿದ್ದದ್ದು ಹೀಗೆಯೇ. ಒಂದು ಕಡೆ ಬಂದಾಗ ಬೆರಳು ನಿಂತಿತು. ಬಹಳ ವರ್ಷಗಳ ಮೇಲೆ ಅವನ ಮುಖದಲ್ಲಿ ಜೀವ ಬಂದದ್ದನ್ನು ನಾನು ನೋಡಿದೆ. ಬಾಯಿ ತೆರೆದ.

"ಹೆಂಗೈತ್ರಿ ನಮ್ಮ ಕೆಲಸಾ? ಏನರ ತಿದ್ದೂದು ಇದ್ರ ಹೇಳ್ರಿ," ಎಂದರು ಸರ್.

ಅಣ್ಣ ಬಾಯಿ ಮುಚ್ಚಿದ. ಕೊಳವೆಯನ್ನು ನೆಲಕ್ಕೆ ಇಟ್ಟು, ಕಪ್ಪಾದ ಬೆರಳನ್ನು ಶಾಲಿಗೆ ಒರೆಸಿಕೊಂಡ. "ನನಗ ಇದರಾಗ ಏನೂ ತಿಳ್ಯಾಂಗಿಲ್ರಿ ಸರ್," ಎಂದ.

ಎಲ್ಲರೂ ವಿನಯ ಎಂದುಕೊಂಡು ತಲೆದೂಗಿದರು.

ಹೊತ್ತಿಸುವ ಹೊತ್ತಾದಾಗ ಅಣ್ಣ ಸರ್ ಹತ್ತಿರ ಹೋಗಿ, "ಬಿಸಲಾಗ ನಿಂದರಬ್ಯಾಡ್ರಿ, ನೆರಳಿಗೆ ಬರ್ರಿ," ಎಂದು ಕೈ ಹಿಡಿದು ಟ್ರ್ಯಾಕ್ಟರಿನ ಟ್ರೇಲರಿನ ಹಿಂದಕ್ಕೆ ಕರೆದುಕೊಂಡು ಬಂದ. ಸಾಹುಕಾರರನ್ನೂ ನೀರು ಕುಡಿಯುವ ನೆವದಲ್ಲಿ ಕರೆದ. ಉಳಿದವರು ತಾವಾಗಿ ಹಿಂದೆ ಬಂದರು. ನನ್ನ ತೋಳು ಹಿಡಿದು ತನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡ.

ರಾಕೆಟ್ ನೆಟ್ಟಗೆ ಎದ್ದಿತು. ಗುಡ್ಡದ ಅರ್ಧಕ್ಕೆ ಬರುವಷ್ಟರಲ್ಲಿ ಅದರ ಪಕ್ಕೆಯಿಂದ ಬೆಂಕಿಯ ನಾಲಿಗೆ ಹೊರಬಿತ್ತು, ಹೊರಳಿತು, ಸಿಡಿಯಿತು. ಚೂರುಗಳು ಟ್ರೇಲರಿನ ಆಚೆ ಬದಿಯ ತಗಡಿಗೆ ಬಡಿದವು. ಹಲಗೆ ಸುಟ್ಟು ಕಪ್ಪಾಗಿ ಸಿಕ್ಕಿತು. ಅದು ಎಷ್ಟು ಎತ್ತರ ಹೋಗಿತ್ತು ಎಂದು ಹೇಳಲಿಲ್ಲ. ಸಾಹುಕಾರರು ಅದನ್ನು ಅಂಗೈಯಲ್ಲಿ ಹಿಡಿದು ನಿಂತರು, ಸರ್ ಕಣ್ಣು ಕಿರಿದು ಮಾಡಿ ಏನಾಯಿತು ಏನಾಯಿತು ಎಂದು ಎಲ್ಲರನ್ನೂ ಕೇಳುತ್ತಿದ್ದರು.

ವಾಪಸು ಹೋಗುವಾಗ ಸವದತ್ತಿಯ ಸ್ಟ್ಯಾಂಡಿನಲ್ಲಿ ರಾಮದುರ್ಗದ ಬಸ್ಸಿನಲ್ಲಿ ಕುಳಿತೆವು. ಶಾಲನ್ನು ಮಡಚಿ ಅವನು ತೊಡೆಯ ಮೇಲೆ ಇಟ್ಟುಕೊಂಡಿದ್ದ, ಅದರ ಅಂಚಿಗೆ ಮಸಿ ಹತ್ತಿತ್ತು.

"ನಿನಗ ಮೊದಲ ತಿಳಿದಿತ್ತು," ಎಂದೆ.

"ಬೆರಳ ಇಟ್ಟ ಕೂಡ್ಲೆ ತಿಳೀತು. ಒಂದ ಮಗ್ಗಲಾ ತೆಳ್ಳಗಾಗಿತ್ತು. ಒಳಗ ಒಂದ್ ಪದರ ಬೇಕಾಗಿತ್ತು, ಹಳೇ ಟ್ಯೂಬಿನ ರಬ್ಬರ್ ಆದ್ರೂ ನಡೀತಿತ್ತು."

"ಹೇಳಬೇಕಿತ್ತಲ್ಲೋ ಅಣ್ಣಾ."

ಬಸ್ಸು ಹೊರಟಿತು. ಅವನು ಕಿಟಕಿಯ ಕಡೆ ತಿರುಗಿ ಕುಳಿತ. ಶಾಲಿನ ಅಂಚಿನ ಮಸಿ ಉಜ್ಜುತ್ತ ಹೇಳಿದ.

"ಹೇಳಿದ್ರ, ಅವ್ರು ಅವತ್ತ ಕಾಗದದಾಗ ಬರದದ್ದು ಖರೇ ಆಗತಿತ್ತು ತಂಗಿ."